ಔಷಧ ಯಾರಿಗೆ

ಧಮ್ಮಪಾಲ ಮಾಸ್ತರರ ಮನೆಯಲ್ಲಿ ಒಂದೇ ಒಂದು ಕಾನೂನು. ಮಕ್ಕಳು ಓದಲಿ, ಆಡಲಿ, ಬೇಕಾದರೆ ಅಪ್ಪನ ಜೊತೆಗೇ ಜಗಳಕ್ಕೆ ನಿಲ್ಲಲಿ, ಆದರೆ ಯಾರ ಚಾಕರಿಯನ್ನೂ ಮಾಡಕೂಡದು. ಮಾಸ್ತರರ ಅಜ್ಜ ಊರಚಾಕರಿ ಮಾಡಿದವನು. ದೌಲತರಾಯ ಸಾಹುಕಾರರ ಮನೆತನದ ಕಾಗದಪತ್ರ ಹೊತ್ತು ಬರಿಗಾಲಲ್ಲಿ ಅಫಜಲಪುರದಿಂದ ಜೇವರ್ಗಿಗೆ ಓಡುತ್ತಿದ್ದ. "ಲೇ" ಎಂಬ ಕೂಗು ಕೇಳಿದರೆ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದ. ಅಪ್ಪ ಬುದ್ಧನ ದೀಕ್ಷೆ ತೆಗೆದುಕೊಂಡು ಆ ಚಾಕರಿಯನ್ನು ಬಿಸಾಕಿದ, ಮಗನನ್ನು ಓದಿಸಿದ. ಮಗ ಈಗ ಅತನೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ.

ಹೀಗಿರುವಾಗ ಸ್ವಂತ ಮಗಳು, ಅದೂ ಬಿ.ಎಸ್ಸಿ. ಎರಡನೆಯ ವರ್ಷದ ಅನುರಾಧಾ, ಮೊಬೈಲಿನೊಳಗೆ ಚಾಕರಿಗೆ ನಿಂತದ್ದು ಕಂಡರೆ ಮೈ ಉರಿಯದೆ ಇರುತ್ತದೆಯೇ?

ಆಟ ಇಷ್ಟೇ. ಐವರು ಈ ಕಡೆ, ಐವರು ಆ ಕಡೆ, ನಡುವೆ ಒಂದು ಬುರುಜು. ಸಮಯ ಮುಗಿದಾಗ ಬುರುಜಿನ ಮೇಲೆ ಯಾರ ಆಳು ನಿಂತಿರುತ್ತಾನೋ ಅವರದೇ ಗೆಲುವು. ನಾಲ್ವರು ಬಂದೂಕು ಹಿಡಿದು ಹೊಡೆಯುತ್ತಾರೆ. ಐದನೆಯವಳು ಅನುರಾಧಾ. ಅವಳ ಕೈಯಲ್ಲಿ ಬಂದೂಕಿಲ್ಲ, ಔಷಧದ ಚೀಲವಿದೆ. ಗಾಯಗೊಂಡವರ ಹಿಂದೆ ಓಡಿ ಔಷಧ ಕೊಡುವುದು ಅವಳ ಪಾಲು. ಅದಕ್ಕೆ ಸಪೋರ್ಟ್ ಎಂದು ಹೆಸರಂತೆ. ಹೋಗಲಿ ಬಿಡು ಅನ್ನಬಹುದಿತ್ತು. ಆದರೆ ತಂಡದ ಕ್ಯಾಪ್ಟನ್ ಯಾರು ಅಂತೀರಿ? ಶಿವಪ್ರಕಾಶ, ದೌಲತರಾಯರ ಖಾಸಾ ಮೊಮ್ಮಗ!

"ಮುಂದ ನಿಂತು ಹೊಡಿಯಾಕ ನಿನಗೇನು ಧಾಡಿ?" ಎಂದು ಮಾಸ್ತರರು ಗುಡುಗಿದರು.

"ನನಗ ಇದೇ ಸೇರ್ತದ ಪಪ್ಪಾ. ಹೊಡಿಯಾವ್ರಿಗೆ ತಮ್ಮ ಮುಂದಿಂದು ಅಷ್ಟೇ ಕಾಣ್ತದ. ನಾ ಐದೂ ಮಂದೀನ ನೋಡ್ತಿರ್ತೇನಿ."

"ನೋಡು, ನಾಳಿ ಆಳಂದದ ಪಂದ್ಯಕ್ಕ ನಾನೂ ಬರ್ತೇನಿ. ಅಂವ ಕೂಗೂದು, ನೀ ಓಡೂದು, ಇಷ್ಟೇ ಕಂಡ್ರ ಅದೇ ನಿನ್ನ ಕೊನೇ ಆಟ."

"ಏನ್ರಿ, ಮೊಬೈಲಿನ ಮ್ಯಾಲೂ ಮೀಸಿ ತಿರುವ್ತೀರೇನು?" ಎಂದು ಹೆಂಡತಿ ಕಸ್ತೂರಿಬಾಯಿ ಒಳಗಿನಿಂದ ನಕ್ಕಳು.

ಅನುರಾಧಾ ನಗಲಿಲ್ಲ. ಎರಡು ವರ್ಷ ಕಷ್ಟಪಟ್ಟು ಕಲಿತ ಆಟ ಅದು. "ಬರ್ರಿ ಪಪ್ಪಾ. ಆದ್ರ ನಡುವ ಎದ್ದು ಹೋಗಬ್ಯಾಡ್ರಿ. ಪೂರಾ ನೋಡ್ರಿ," ಎಂದಳು.

ಆಳಂದದ ಮದುವೆ ಹಾಲಿನಲ್ಲಿ ಮರುದಿನ ಮಧ್ಯಾಹ್ನ ಅನುರಾಧಾಳ ಅಫಜಲಪುರ ತಂಡಕ್ಕೆ ಜೇವರ್ಗಿ ತಂಡದ ಎದುರು ಆಟ. ಗೋಡೆಗೆ ದೊಡ್ಡ ಪರದೆ. ಮಾಸ್ತರರು ಮೊದಲ ಸಾಲಿನಲ್ಲಿ, ಮಗಳ ಬೆನ್ನ ಹಿಂದೆಯೇ ಕುಳಿತರು. ಮೂರರಲ್ಲಿ ಎರಡು ಗೆದ್ದವರಿಗೆ ಕಪ್. ಮೊದಲನೆಯದನ್ನು ಅಫಜಲಪುರದವರು ಸೋತರು. ಪರದೆಯ ಮೇಲೆ ಪಟ್ಟಿ ಬಂತು. ಹೊಡೆದು ಕೆಡವಿದ್ದು ಶಿವಪ್ರಕಾಶ ಹದಿನಾಲ್ಕು, ಹುಸೇನಪೀರ ಒಂಬತ್ತು, ಅನುರಾಧಾ ಸೊನ್ನೆ.

"ಆ ಸೊನ್ನಿ ಯಾರ್ದ್ರಿ?" ಪಕ್ಕದಲ್ಲಿದ್ದ ಜೇವರ್ಗಿಯ ಸೂರ್ಯಕಾಂತ ಹಲ್ಲು ಕಿಸಿದ. ಮಾಸ್ತರರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ನನ್ನ ಮಗಳದ್ರಿ," ಎಂದವರೇ ತಲೆ ತಗ್ಗಿಸಿದರು.

ಎರಡನೆಯ ಆಟ ಶುರುವಾಯಿತು. "ಅನೂ, ಔಷಧ! ಲಗೂ!" ಎಂದು ಶಿವಪ್ರಕಾಶ ಚೀರಿದ. ಅವಳು ಓಡಿದಳು. ಮಾಸ್ತರರ ಕಿವಿಗೆ ಕಾದ ಎಣ್ಣೆ ಬಿಟ್ಟಂತಾಯಿತು. ಎದ್ದೇ ಹೋಗಬೇಕೆಂದು ಕುರ್ಚಿಯ ಕೈ ಹಿಡಿದರು. ಪೂರಾ ನೋಡ್ರಿ ಎಂದ ಮಗಳ ಮಾತು ನೆನಪಾಗಿ ಹಲ್ಲು ಕಚ್ಚಿ ಕುಳಿತರು. ಕಣ್ಣು ಮುಚ್ಚಿಕೊಂಡರು, ಆದರೆ ಕಿವಿ ಬಿಡಬೇಕಲ್ಲ! ಆಗಲೇ ಅವರಿಗೆ ಮಗಳ ದನಿ ಸರಿಯಾಗಿ ಕೇಳಿಸಿದ್ದು.

"ಹುಸೇನಪೀರ, ಎಡಕ್ಕ ಇಬ್ರು ಬರಾಕತ್ತಾರ, ನಿಂದ್ರು. ಇನ್ನೂ ನಿಂದ್ರು. ಹಾಂ, ಈಗ ಹೋಗು. ಶಿವ್ಯಾ, ಹಿಂದಕ್ಕ ಬಾ. ಬಾ ಅಂದ್ನೆಲ್ಲೋ!"

ಶಿವ್ಯಾ! ಮಾಸ್ತರರು ತಟ್ಟನೆ ಕಣ್ಣು ತೆರೆದರು. ಸಾಹುಕಾರರ ಮೊಮ್ಮಗ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಬಂದಿದ್ದ. ಅವಳು ನಿಲ್ಲೆಂದರೆ ನಾಲ್ವರೂ ನಿಲ್ಲುತ್ತಿದ್ದರು, ಹೋಗೆಂದರೆ ಹೋಗುತ್ತಿದ್ದರು. ಯಾರಿಗೆ ಯಾವಾಗ ಪೆಟ್ಟು ಬೀಳುತ್ತದೆಂದು ಅವರಿಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು. ಎಷ್ಟೋ ಸಲ ಅವರು ಕೂಗುವ ಮೊದಲೇ ಔಷಧ ಮುಟ್ಟಿರುತ್ತಿತ್ತು. ಆ ಆಟ ಅಫಜಲಪುರದ ಪಾಲಾಯಿತು.

ಮೂರನೆಯದರಲ್ಲಿ ಇಪ್ಪತ್ತು ಸೆಕೆಂಡು ಉಳಿದಿತ್ತು. ಅಫಜಲಪುರದ ಇಬ್ಬರು ಆಗಲೇ ಸತ್ತಿದ್ದರು. ಬುರುಜಿನ ಮೇಲೆ ಹುಸೇನಪೀರ ಒಬ್ಬನೇ, ಜೀವ ಕೂದಲೆಳೆಯಷ್ಟು. ಶಿವಪ್ರಕಾಶನೋ, ಓಡಿಹೋಗುತ್ತಿದ್ದ ಒಬ್ಬನನ್ನು ಕೆಡವುವ ಹುಮ್ಮಸ್ಸಿನಲ್ಲಿ ಬುರುಜು ಬಿಟ್ಟು ಕೆಳಗಿಳಿದು ಗುಂಡು ತಿಂದಿದ್ದ. ಅನುರಾಧಾಳ ಚೀಲದಲ್ಲಿ ಉಳಿದದ್ದು ಒಂದೇ ಔಷಧ.

"ಅನೂ, ನನಗ ಕೊಡು! ಸಾಯಾಕತ್ತೇನಿ, ಲಗೂ ಬಾ!"

"ಇಲ್ಲ."

"ಏನು? ನಾ ಕ್ಯಾಪ್ಟನ್ ಇದ್ದೇನಿ ಬೇ!"

"ಇರು. ಕೊಡಂಗಿಲ್ಲ. ಹುಸೇನಪೀರ, ಅಲ್ಲೇ ನಿಂದ್ರು, ಬಂದೆ."

ಅವಳ ದನಿ ಏರಲಿಲ್ಲ, ನಡುಗಲಿಲ್ಲ. ಶಿವಪ್ರಕಾಶ ಅಲ್ಲೇ ಬಿದ್ದ. ಔಷಧ ಹುಸೇನಪೀರನಿಗೆ ಹೋಯಿತು. ಮೇಲೆ ಹತ್ತಿ ಬಂದ ಜೇವರ್ಗಿಯ ಇಬ್ಬರನ್ನು ಅವನು ತಡೆದು ನಿಂತ. ಸಮಯ ಮುಗಿಯಿತು. ಬುರುಜು ಅಫಜಲಪುರದ್ದಾಯಿತು!

ಹಾಲೆಲ್ಲ ಕೇಕೆ. ಧಮ್ಮಪಾಲ ಮಾಸ್ತರರು ಯಾವಾಗ ಎದ್ದು ನಿಂತರೋ ಅವರಿಗೇ ಗೊತ್ತಿಲ್ಲ. ಎದೆ ಉಬ್ಬಿ ಅಂಗಿ ಬಿಗಿಯಾಯಿತು, ಕಣ್ಣು ತುಂಬಿ ಪರದೆ ಮಸುಕಾಯಿತು. ಚಾಕರಿ ಮಾಡುವವನಿಗೆ ಕೊಡಂಗಿಲ್ಲ ಅನ್ನುವ ಹಕ್ಕು ಎಲ್ಲಿಂದ ಬರಬೇಕು? ತಮ್ಮ ಮಗಳು ಆ ಮನೆಯವನಿಗೆ ನೂರಾರು ಜನರ ನಡುವೆ ಆ ಮಾತು ಹೇಳಿದ್ದಳು.

ಶಿವಪ್ರಕಾಶ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದ. "ನನ್ನ ಸಾಯಾಕ ಬಿಟ್ಟಿ ಅಲಾ!"

"ನೀ ಸತ್ರೂ ಗೆದ್ವಿ. ಅಂವ ಸತ್ತಿದ್ರ ಸೋಲ್ತಿದ್ವಿ. ಸಿಟ್ಟು ಇಳಿದ ಮ್ಯಾಲ ವಿಚಾರ ಮಾಡು."

ಹುಡುಗ ಮುಖ ಗಂಟಿಕ್ಕಿಕೊಂಡು ಪರದೆಯ ಕಡೆ ನೋಡಿದ. ಆಮೇಲೆ ಮಾಸ್ತರರ ಕಡೆ ತಿರುಗಿ, "ಖರೇ ಹೇಳ್ತಾಳ್ರಿ ಸರ್. ನಾ ಕೆಳಗ ಇಳೀಬಾರದಿತ್ತು," ಎಂದು ಕೈ ಮುಗಿದು ಕಪ್ ತರಲು ಹೋದ.

ಅನುರಾಧಾ ಅಪ್ಪನ ಎದುರು ಬಂದು ನಿಂತಳು. "ಪಪ್ಪಾ, ಇದು ನನ್ನ ಕೊನೇ ಆಟ ಏನ್ರಿ?"

ಮಾಸ್ತರರು ಅವಳ ತಲೆಯ ಮೇಲೆ ಕೈಯಿಟ್ಟರು.

"ಹೋದ ವಾರ ದೌಲತರಾಯರು ಫೋನ್ ಮಾಡಿದ್ರು. ಮನ್ಯಾಗ ಮದುವಿ ಅದ, ಕುರ್ಚಿ ಹಾಕಸಾಕ ಬಾ ಅಂದ್ರು. ನಾ ಸಾಲಿಗೆ ರಜಾ ಹಾಕಿ ಹೋಗಿದ್ದೆ ಅನೂ. ನಿಮ್ಮವ್ವನ ಮುಂದೂ ಹೇಳಿಲ್ಲ. ಇಲ್ಲ ಅನ್ನಾಕ ನನಗ ಬಾಯೇ ಬರಲಿಲ್ಲವ್ವಾ. ನೀ ಆಡೋದು ಬಿಟ್ರ, ಇಲ್ಲ ಅನ್ನೂದನ್ನ ನಾ ಯಾರನ್ನ ನೋಡಿ ಕಲೀಲಿ?"