ಗಾಬರಿಯಾದ ಡಾಕ್ಟರು

ನಮ್ಮ ಮನೆಯಲ್ಲಿ ಹಲ್ಲಿನ ಡಾಕ್ಟರ ಮಾತು ಎತ್ತಿದರೆ ಸಾಕು, ನಾನು ಜಾಗ ಖಾಲಿ ಮಾಡುತ್ತಿದ್ದೆ. ಹೆರಿಗೆಯ ನೋವಿಗೆ ಅಳಲಿಲ್ಲ, ಬಸ್ಸಿನಿಂದ ಬಿದ್ದು ಕೈ ಮುರಿದಾಗಲೂ ಅಳಲಿಲ್ಲ. ಆ ಕುರ್ಚಿಯನ್ನು ನೆನೆಸಿಕೊಂಡರೆ ಮಾತ್ರ ಅಳುವೇ ಬರುತ್ತಿತ್ತು. ಬಲಗಡೆಯ ದವಡೆ ಹಲ್ಲು ಹುಳುಕಾಗಿ ವರ್ಷದ ಮೇಲಾಗಿತ್ತು. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಎಡಗಡೆಯಲ್ಲೇ ಅಗಿಯುವುದನ್ನು ಕಲಿತೆ. ಮರಾಠಿ ಸೀಮೆಯ ನಿಗಡಿ ಎಂಬ ಊರಲ್ಲಿರುವ ನಮ್ಮ ಮನೆಯ ಎದುರಿಗೇ ಹಲ್ಲಿನ ದವಾಖಾನೆ ಇದೆ. ಗಟ್ಟಿ ಮನಸ್ಸು ಮಾಡಿ ಅದರ ಬಾಗಿಲ ತನಕ ಹೋಗುತ್ತಿದ್ದೆ, ಪಕ್ಕದ ಗಾಡಿಯಲ್ಲಿ ಕೊತ್ತಂಬರಿ ಕೊಂಡು ವಾಪಸು ಬರುತ್ತಿದ್ದೆ.

ಈ ಶ್ರಾವಣದಲ್ಲಿ ಕೆನ್ನೆ ಬಾತು, ಬಾವು ಗಂಟಲತ್ತ ಇಳಿಯತೊಡಗಿತು. ಜ್ವರವೂ ಬಂತು. ಕೀವು ಇನ್ನೂ ಕೆಳಗಿಳಿದರೆ ಉಸಿರಿಗೇ ಕುತ್ತು, ಹಲ್ಲು ತೆಗೆಸಲೇಬೇಕು ಎಂದು ಜ್ವರದ ಮದ್ದು ಕೊಟ್ಟ ಡಾಕ್ಟರು ಗದರಿದರು. ಮಗಳು ರಂಜಿನಿ ಶಿವಾಜಿನಗರದ ತನ್ನ ಆಫೀಸಿಗೆ ರಜೆ ಹಾಕಿ, ನನ್ನ ಚಪ್ಪಲಿ ತಂದು ಕಾಲ ಮುಂದೆ ಇಟ್ಟಳು.

"ಮಮ್ಮಿ, ಇವತ್ತ ಕೊತ್ತಂಬರಿ ಬ್ಯಾಡ" ಅಂದಳು.

ನನ್ನ ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅದಕ್ಕೊಂದು ಕಥೆ ಇತ್ತು, ಆ ಕಥೆ ನನ್ನ ಅಪ್ಪ ಗುರಣ್ಣನದು. ಅಪ್ಪ ಸುರಪುರದ ಕಡೆಯಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಇಲ್ಲಿಗೆ ಬಂದವನು. ಆಗ ಇಲ್ಲೇ ಹತ್ತಿರದ ದೇಹೂ ರೋಡಿನಲ್ಲಿ ಮಿಲಿಟರಿಯವರ ಕ್ವಾರ್ಟರ್ಸ್ ಏಳುತ್ತಿದ್ದವು. ನಮ್ಮವು ಸಾಲಾಗಿ ತಗಡಿನ ಶೆಡ್ಡುಗಳು. ಸಂಜೆಯಾದರೆ ಎಲ್ಲ ಬಾಗಿಲಲ್ಲೂ ಒಲೆ ಉರಿಯುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಈಗಲೂ ಒಮ್ಮೊಮ್ಮೆ ಆ ಸದ್ದಿಗಾಗಿ ಜೀವ ಹಂಬಲಿಸುತ್ತದೆ. ಅಪ್ಪ ಇಡೀ ಕಬ್ಬನ್ನು ಹಲ್ಲಿನಿಂದಲೇ ಸಿಗಿದು ಶೆಡ್ಡಿನ ಮಕ್ಕಳಿಗೆಲ್ಲ ತುಂಡು ಮಾಡಿ ಹಂಚುತ್ತಿದ್ದ. ಎತ್ತರದ ಬಿದಿರಿನ ಅಟ್ಟಣೆಯ ಮೇಲೆ ನಿಂತು ಬೀಡಿ ಹಚ್ಚುವ ಗಂಡಸು, ಭಯ ಅಂದರೇನೆಂದು ಗೊತ್ತಿಲ್ಲದವನು.

ನಾವು ಬಂದ ಹೊಸತು. ನಾನಿನ್ನೂ ಶಾಲೆಗೆ ಸೇರಿರಲಿಲ್ಲ, ಮನೆಯಲ್ಲಿ ಯಾರಿಗೂ ಮರಾಠಿಯ ಗಂಧ ಇರಲಿಲ್ಲ. ಹಲ್ಲುನೋವಿಗೆ ನಾನು ಊಟ ಬಿಟ್ಟೆನೆಂದು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಬಜಾರದ ಡಾಕ್ಟರ ಹತ್ತಿರ ಒಯ್ದ. ಅಲ್ಲಿ ನಡೆದದ್ದನ್ನು ಅವನು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ.

"ಹುಡುಗಿ ಬಾಯಿ ನೋಡಿದ ಕೂಡ್ಲೆ ಡಾಕ್ಟರಗ ಗಾಬರಿ ಆತು. ತಾನ ಬಾಯಿಬಿಟ್ಟು ಗಾಬರಿ ಅಂದ. ಆಮ್ಯಾಲ ಇಕ್ಕಳ ಹಿಡಕೊಂಡು ಹಲ್ಲು, ಹಲ್ಲು ಅನಕೋತ ಮ್ಯಾಲ ಬಂದ. ಒಂದಲ್ಲಪಾ, ಎಲ್ಲಾ ಕೀಳಾಂವ ಇದ್ದ. ನಾ ಅವನ ಕೈ ದೂಡಿ, ಹುಡುಗೀನ ಬಗಲಾಗ ಇಟಗೊಂಡು ಓಡಿ ಬಂದೆ."

ಆ ನೋವಿನ ಹಲ್ಲು ಹಾಲುಹಲ್ಲು, ಸ್ವಲ್ಪ ದಿನಕ್ಕೆ ತಾನೇ ಉದುರಿತು. ಆದರೆ ಇಕ್ಕಳ ಹಿಡಿದು ಹಲ್ಲು ಹಲ್ಲು ಅನ್ನುವ ಆ ಮನುಷ್ಯ ನನ್ನ ತಲೆಯಲ್ಲಿ ಖಾಯಂ ಆಗಿ ಉಳಿದುಬಿಟ್ಟ. ಅಪ್ಪನೂ ಮುಂದೆ ಯಾವ ಹಲ್ಲಿನ ಡಾಕ್ಟರ ಮೆಟ್ಟಿಲೂ ಹತ್ತಲಿಲ್ಲ. ಕಬ್ಬು ಸಿಗಿಯುತ್ತಿದ್ದ ಹಲ್ಲುಗಳು ಒಂದೊಂದಾಗಿ ಹೋದವು. ಈಗ ನಮ್ಮ ಜೊತೆಗೇ ಇದ್ದಾನೆ, ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ನುಂಗುತ್ತಾನೆ.

ರಂಜಿನಿ ನನ್ನನ್ನು ಕುರ್ಚಿಗೆ ಒಪ್ಪಿಸಿ, ಓಡದಂತೆ ಬಾಗಿಲಲ್ಲೇ ನಿಂತಳು. ಡಾಕ್ಟರು ಅವಳದೇ ವಯಸ್ಸಿನ ಮರಾಠಿ ಹುಡುಗಿ. ಇಂಜೆಕ್ಷನ್ ಕೊಟ್ಟು, ಕೆನ್ನೆ ಮರಗಟ್ಟುವ ತನಕ ಕಾದಳು. ಇಕ್ಕಳ ಕಣ್ಣಿಗೆ ಬಿದ್ದದ್ದೇ ತಡ, ನಾನು ಕುರ್ಚಿಯ ಕೈ ಹಿಡಿದು ಅರ್ಧ ಎದ್ದೆ. ಮಗಳನ್ನು ತಳ್ಳಿಯಾದರೂ ಹೋಗುವವಳೇ.

ಹುಡುಗಿ ನನ್ನ ಭುಜದ ಮೇಲೆ ಕೈಯಿಟ್ಟಳು. "ಘಾಬರಲಾತ್ ಕಾ, ಕಾಕೂ? ಹಳೂ ಹಳೂ ಕರತೇ" ಅಂದಳು.

ಹೆದರಿದಿರಾ ಚಿಕ್ಕಮ್ಮಾ, ಮೆಲ್ಲಗೆ ಮೆಲ್ಲಗೆ ಮಾಡುತ್ತೇನೆ. ಅಷ್ಟೇ. ನಾನು ಹಾಗೇ ಅವಳ ಮುಖ ನೋಡುತ್ತ ಕುಳಿತೆ. ಇಷ್ಟು ವರ್ಷ ಈ ಊರಲ್ಲಿ ಮರಾಠಿಯಲ್ಲೇ ಸಂತೆ ಮಾಡಿದ್ದೇನೆ, ಮರಾಠಿಯಲ್ಲೇ ನೆರೆಯವರ ಜೊತೆ ಜಗಳವಾಡಿದ್ದೇನೆ. ಅಪ್ಪನ ಕಥೆ ಮಾತ್ರ ಮನೆಯ ಕನ್ನಡದಲ್ಲೇ ಭದ್ರವಾಗಿತ್ತು, ಅದನ್ನು ಬಾಗಿಲಿನಾಚೆ ತಂದು ನೋಡಿರಲೇ ಇಲ್ಲ. ಬಜಾರದ ಆ ಡಾಕ್ಟರು ಗಾಬರಿಯಾಗಿರಲಿಲ್ಲ. ಹೆದರಿದೆಯಾ ಮಗೂ ಎಂದು ನನ್ನನ್ನು ಕೇಳಿದ್ದರು. ಹಲ್ಲು ಹಲ್ಲು ಅಂದಿರಲಿಲ್ಲ, ಮೆಲ್ಲಗೆ ಮೆಲ್ಲಗೆ ಅಂದಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಮರಗಟ್ಟಿದ ಅರ್ಧ ಬಾಯಲ್ಲಿ ನಕ್ಕರೆ ಹೇಗಿರುತ್ತದೋ, ರಂಜಿನಿ ಹೆದರಿ ಒಳಗೆ ಓಡಿಬಂದಳು. ನಾನು ಹಿಂದಕ್ಕೊರಗಿ ಬಾಯಿ ತೆರೆದೆ. ಹಲ್ಲು ಕಿತ್ತು ಬಂದದ್ದು ಗೊತ್ತಾಯಿತು, ಭಯವಾಗಲಿಲ್ಲ.

ಮನೆಗೆ ಬಂದು, ನಾಲಿಗೆ ಸರಿಯಾಗಿ ಹೊರಳುವ ತನಕ ಕಾದು, ಅಪ್ಪನ ಮುಂದೆ ಕುಳಿತೆ. ಅವನು ಊಟ ಮಾಡುತ್ತಿದ್ದ. ನಗುತ್ತ ನಗುತ್ತ ಎಲ್ಲ ಹೇಳಿದೆ. ಅವನೂ ಹೊಟ್ಟೆ ಹಿಡಿದು ನಗುತ್ತಾನೆ ಅಂದುಕೊಂಡಿದ್ದೆ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಗೊತ್ತದ" ಅಂದ.

"ಏನ್ ಗೊತ್ತದ?"

"ಅಂವ ಏನಂದಿದ್ದ ಅಂತ. ಅದ ವರ್ಷ ತಿಳೀತು. ಮ್ಯಾಲಿಂದ ಫರ್ಸಿ ಕಲ್ಲು ಇಳಸೂ ಮುಂದ, ಕೆಲಸ ಮಾಡಸೂ ಮುಕಾದಮ ಹಳೂ ಹಳೂ ಅಂತ ಒದರ್ದ. ಹಗ್ಗ ಹಿಡಕೊಂಡು ನಿಂತಲ್ಲೇ ತಿಳೀತು."

ನನ್ನ ಸಿಟ್ಟು ನೆತ್ತಿಗೇರಿತು. ಎಷ್ಟು ರಾತ್ರಿ ದವಡೆ ಹಿಡಿದುಕೊಂಡು ಕಳೆದಿದ್ದೆ ನಾನು.

"ತಿಳಿದ ಮ್ಯಾಲ ಹೇಳಬಾರದಿತ್ತೇನಪ್ಪಾ? ನಾ ಇಷ್ಟ ವರ್ಷ ಹೆದರಿ ಸತ್ತೆ. ನಿನ್ನ ಹಲ್ಲೂ ಹಾಳ ಮಾಡಿಕೊಂಡಿ."

ಅಪ್ಪ ಬೇಳೆಯಲ್ಲಿ ಅದ್ದಿದ ತುತ್ತನ್ನು ಹಾಗೇ ತಟ್ಟೆಯಲ್ಲಿ ಬಿಟ್ಟ.

"ಹೇಳಬೇಕಂತನ ಅವತ್ತ ಸಂಜೀಕ ಬಂದೆ. ನೀ ಶೆಡ್ಡಿನ ಮುಂದ ಹುಡುಗ್ಯಾರ್ನ ಕೂಡಿಸಿಕೊಂಡು ಕುಂತಿದ್ದಿ. ನಮ್ಮಪ್ಪಗ ಡಾಕ್ಟರು ಸುದ್ದಾ ಹೆದರತಾರ, ನಮ್ಮಪ್ಪ ಇದ್ದರ ಯಾರೂ ಏನೂ ಮಾಡಂಗಿಲ್ಲ ಅಂತ ಹೇಳಲಿಕತ್ತಿದ್ದಿ. ನಾ ಹಗಲೆಲ್ಲ ಮುಕಾದಮನ ಕಡಿಂದ ಬೈಸಿಕೊಂಡು ಬಂದಾಂವ, ಅಲ್ಲೇ ಗ್ವಾಡಿ ಹಿಂದ ನಿಂತು ಕೇಳಿದೆ." ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಈ ಊರಾಗ ನನ್ನ ಹಂಗ ಅನ್ನಾವರು ಬ್ಯಾರೆ ಯಾರಿದ್ರು ಶಿವಕಾಂತಾ?" ಅಂದ.

ಬೈಯಬೇಕು ಅಂದುಕೊಂಡದ್ದು ಇನ್ನೂ ಬಹಳ ಇತ್ತು. ಒಂದೂ ಮಾತು ಹೊರಡಲಿಲ್ಲ. ಇಂಜೆಕ್ಷನ್ನಿನ ಜೋಮು ಆಗಲೇ ಪೂರ್ತಿ ಇಳಿದಿತ್ತು.