ಇಲ್ಲದ ಅಲೆ

ದೂರದ ನಕ್ಷತ್ರಗಳಿಂದ ಬರುವ ಎಕ್ಸ್-ರೇ ಎಲ್ಲ ದಿಕ್ಕಿಗೂ ಕಂಪಿಸುತ್ತದೋ, ಒಂದೇ ದಿಕ್ಕಿಗೋ ಎಂದು ಅಳೆಯಲು ಉಪಗ್ರಹದಲ್ಲಿ ಹೋಗಬೇಕಾದ ಉಪಕರಣ ಅದು. ಅದರ ಪ್ರೋಗ್ರಾಂ ಬರೆದವನು ಗಂಡ. ಪರೀಕ್ಷಿಸಿ ತಪ್ಪು ಹುಡುಕಬೇಕಾದವಳು ಹೆಂಡತಿ. ಇಬ್ಬರನ್ನೂ ಒಂದೇ ಕೆಲಸಕ್ಕೆ ಹಾಕಿದ ಮುಖ್ಯಸ್ಥರಿಗೆ ಮದುವೆಯಾಗಿರಲಿಲ್ಲ.

ಕಿರಣದ ಎದುರು ಉಪಕರಣವನ್ನು ನಿಧಾನವಾಗಿ ತಿರುಗಿಸಬೇಕು. ಕಿರಣ ಒಂದೇ ದಿಕ್ಕಿಗೆ ಕಂಪಿಸುತ್ತಿದ್ದರೆ ಉಪಕರಣಕ್ಕೆ ಸಿಕ್ಕ ಕಿರಣದ ಕಣಗಳ ಎಣಿಕೆ ಏರಿಳಿದು ಪರದೆಯ ಮೇಲೆ ಅಲೆ ಮೂಡಬೇಕು. ಎಲ್ಲ ದಿಕ್ಕಿಗೂ ಕಂಪಿಸುವ ಸಾದಾ ಕಿರಣವಾದರೆ ಗೆರೆ ನೆಟ್ಟಗಿರಬೇಕು. ವಾರದಿಂದ ಗಂಡ ಅಲೆ ತೋರಿಸಿ ತೋರಿಸಿ ಅವಳ ತಲೆ ತಿಂದಿದ್ದ. ಮನೆಯಲ್ಲಿ ಊಟದ ಮೇಜಿನ ಮೇಲೂ ಬೆರಳಿನಿಂದ ಅಲೆ ಬರೆದು ಅವಳ ಅತ್ತೆಗೆ ವಿವರಿಸಿದ್ದ.

"ಮೊದಲು ಊಟ ಮಾಡಪ್ಪ," ಎಂದಿದ್ದರು ಅತ್ತೆ.

ಹೆಂಡತಿಗೆ ಮಾತ್ರ ಅನುಮಾನ. ಗಂಟೆಗಟ್ಟಲೆ ಅಳೆದರೂ ಅಲೆ, ಹತ್ತೇ ನಿಮಿಷ ಅಳೆದರೂ ಅಲೆ! ಅಷ್ಟು ಬೇಗ ಅಲೆ ಕಾಣುವಷ್ಟು ಕಣಗಳು ಸಿಗಲಾರವು. ಸೋಮವಾರ ಬೆಳಿಗ್ಗೆ ಅವನು ಮುಖ್ಯಸ್ಥರನ್ನು ಕರೆಯಲು ಹೋದದ್ದೇ ತಡ, ಅವಳು ಒಂದೇ ದಿಕ್ಕಿನ ಕಿರಣ ಕೊಡುವ ಪೆಟ್ಟಿಗೆ ತೆಗೆದು ಸಾದಾ ಕಿರಣದ ಪೆಟ್ಟಿಗೆ ಕೂರಿಸಿದಳು. ಸೀಸದ ಬಾಗಿಲು ಮುಚ್ಚಿ, ಏನೂ ಅರಿಯದವಳಂತೆ ಕುಳಿತಳು.

ಹತ್ತು ನಿಮಿಷಕ್ಕೆ ಪರದೆಯ ಮೇಲೆ ಅಲೆ ಮೂಡಿತು.

"ನೋಡಿ ಸಾರ್, ಹೇಗಿದೆ!" ಎಂದು ಗಂಡ ಎದೆಯುಬ್ಬಿಸಿದ.

"ಭೇಷ್!" ಎಂದರು ಮುಖ್ಯಸ್ಥರು.

ಅವಳು ಮೆಲ್ಲಗೆ ಕೆಮ್ಮಿದಳು. "ರೀ, ಈ ಅಲೆ ಎಲ್ಲಿಂದ ಬಂತು?"

"ಒಳಗಿರೋ ಕಿರಣದಿಂದ ಕಣೇ!"

"ಒಳಗಿರೋದು ಸಾದಾ ಕಿರಣ. ಈಗಷ್ಟೇ ನಾನೇ ಬದಲಾಯಿಸಿದೆ."

ಮುಖ್ಯಸ್ಥರಿಗೆ ತಟ್ಟನೆ ಯಾವುದೋ ಮೀಟಿಂಗ್ ನೆನಪಾಯಿತು. ಗಂಡನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಮಧ್ಯಾಹ್ನ ಬೇರೆ ಮೇಜಿನಲ್ಲಿ ಕುಳಿತು ಉಂಡ. ಸಂಜೆಯ ಹೊತ್ತಿಗೆ ತಡೆಯಲಾರದೆ ಕುರ್ಚಿ ಎಳೆದುಕೊಂಡು ಬಂದ.

"ಎಲ್ಲಿ, ಆ ಎಣಿಕೆ ತೋರಿಸು."

ಇಬ್ಬರೂ ಸಾಲುಸಾಲಾಗಿ ನೋಡಿದರು. ಎಣಿಕೆ ಯಾವಾಗಲೂ ಅಷ್ಟಿಷ್ಟು ಹೆಚ್ಚು ಕಡಿಮೆಯಾಗುವುದು ಸಹಜ. ಪ್ರೋಗ್ರಾಂ ಆ ಚೂರುಪಾರನ್ನೇ ಹೊಲಿದು ಅಲೆ ಮಾಡಿತ್ತು. ಅಲೆ ಇದೆಯೇ ಎಂದು ಅದು ಕೇಳಿಕೊಂಡೇ ಇರಲಿಲ್ಲ.

"ಥೂ, ಇದಕ್ಕೆ 'ಇಲ್ಲ' ಅನ್ನೋಕೇ ಬರಲ್ಲವಲ್ಲ!"

"ಬರೆದವರ ಹಾಗೇ," ಎಂದಳು ಅವಳು.

ಅವನಿಗೆ ನಗು ತಡೆಯಲಾಗಲಿಲ್ಲ. ಮುನಿಸು ಅಲ್ಲಿಗೆ ಮುಗಿಯಿತು.

ತಿದ್ದಲು ಮೂರು ದಿನ ಹಿಡಿಯಿತು. ಈಗ ಸಾದಾ ಕಿರಣಕ್ಕೆ ಪರದೆ 'ಅಲೆ ಕಾಣಲಿಲ್ಲ' ಎಂದು ಒಪ್ಪಿಕೊಂಡಿತು. ಬಳಿಕ ಅವಳು ಒಂದೇ ದಿಕ್ಕಿನ ಕಿರಣ ಕೂರಿಸಿದಳು. ಒಂದು ಗಂಟೆ ಕಾದ ಮೇಲೆ ಉಪಕರಣದ ಒಂದೊಂದು ಸುತ್ತಿಗೂ ಎರಡೆರಡು ಸಲ ಏರಿಳಿಯುವ ಅಪ್ಪಟ ಅಲೆ ಮೂಡಿತು. ಆದರೆ ಅವನು ನಂಬಬೇಕಲ್ಲ!

"ಒಳಗೆ ಯಾವುದಿಟ್ಟಿದೀಯ?"

"ಒಂದೇ ದಿಕ್ಕಿಂದು."

"ನಿಜವಾಗ್ಲೂ?"

"ಅಯ್ಯೋ, ನಿಜವಾಗ್ಲೂ ರೀ!"

ಅವನು ಕಿರಣ ನಿಲ್ಲಿಸಿ ತಾನೇ ಬಾಗಿಲು ತೆರೆದ. ಕನ್ನಡಕ ಏರಿಸಿ ಪೆಟ್ಟಿಗೆಯ ಚೀಟಿ ಓದಿದ. ಅದರಡಿ ಇನ್ನೊಂದು ಚೀಟಿ ಇದೆಯೇನೋ ಎಂದು ಉಗುರಿನಿಂದ ಕೆರೆದೂ ನೋಡಿದ. ಆಮೇಲೆಯೇ ವರದಿಗೆ ಸಹಿ ಹಾಕಿ ಪೆನ್ನನ್ನು ಅವಳತ್ತ ನೂಕಿದ.

"ನೀನೂ ಹಾಕು. ನಾಳೆ ಸಾರ್ ಮುಂದೆ 'ನಾನೇ ಬದಲಾಯಿಸಿದೆ' ಅಂತ ಶುರು ಮಾಡ್ಬೇಡ."

ಅವಳು ತುಟಿ ಕಚ್ಚಿ ನಗು ತಡೆಯುತ್ತ, ಬೇಕೆಂದೇ ನಿಧಾನವಾಗಿ ಸಹಿ ಹಾಕಿದಳು.