ನ್ಯಾವಾಶಿ ಕೂರುವ ಬಗೆ

"ಮೇಷ್ಟ್ರೇ, ಬಾಲ ಆಯ್ತಾ?" ನೆಗಿಶಿ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಬಾಲ ಆಯ್ತು. ತಲೆ ಕೆಟ್ಟಿದೆ," ಎಂದರು ಇಸೊಬೆ.

"ಯಾರ್ದು, ನ್ಯಾವಾಶಿದಾ ನಿಮ್ದಾ?"

ನೆಗಿಶಿ ಮಕ್ಕಳ ವಾರಪತ್ರಿಕೆಯೊಂದರ ಸಂಪಾದಕ. ಇಸೊಬೆ ಅದಕ್ಕೆ ನಗೆಚಿತ್ರ ಬರೆಯುವವರು; ಚಿತ್ರ ಬರೆಯುವವರನ್ನೂ ಮೇಷ್ಟ್ರೇ ಎನ್ನುವುದು ಅಲ್ಲಿನ ರೂಢಿ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಬಂದು ಗೋಡೆಗೆ ಒರಗಿ ಕೂತನೆಂದರೆ, ಸಂಜೆ ನಾಲ್ಕಕ್ಕೆ ಎಂಟು ಪುಟ ಕೈಸೇರುವ ತನಕ ಜಪ್ಪಯ್ಯ ಅಂದರೂ ಏಳುವವನಲ್ಲ. ಕೆಳಗಿನ ತೋಫು ಅಂಗಡಿಯಿಂದ ಬೆಂದ ಸೋಯಾದ ಹಬೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕಿಟಕಿಯ ಬಳಿ ಕುರ್ಚಿ ಮೇಜು ಹಾಕಿಕೊಂಡು ಸಹಾಯಕಿ ತೊಶಿಕೊ ಬೇಲಿ, ದೀಪದ ಕಂಬ, ಮೋಡ ಇವುಗಳನ್ನು ಬರೆಯುತ್ತಿದ್ದಳು. ಓಡುವ ಪ್ರಾಣಿಗಳೆಲ್ಲ ಇಸೊಬೆಯವರ ಪಾಲು. ನಿಂತ ವಸ್ತುಗಳೆಲ್ಲ ತೊಶಿಕೊಳ ಪಾಲು. ಹನ್ನೊಂದು ವರ್ಷದಿಂದ ಅವರ ನಡುವಿನ ಒಪ್ಪಂದ ಹೀಗೆಯೇ ನಡೆದುಬಂದಿತ್ತು.

ನ್ಯಾವಾಶಿ ಸೊಂಟದ ತನಕ ಬೆಕ್ಕು, ಅಲ್ಲಿಂದ ಕೆಳಗೆ ಬೂತಾಯಿ ಮೀನು. ಜಪಾನಿನಲ್ಲಿ ಬೆಕ್ಕು ಕೂಗುವುದು 'ನ್ಯಾ' ಎಂದು, ಬೂತಾಯಿಗೆ 'ಇವಾಶಿ' ಎನ್ನುತ್ತಾರೆ. ತಾಯಿ ಬೆಕ್ಕು ತಂದೆ ಮೀನನ್ನು ಮದುವೆಯ ದಿನವೇ ನುಂಗಿಹಾಕಿದಳೆಂಬುದು ಕಥೆ. ಮಗನಿಗೆ ಹೊತ್ತು ಹೊತ್ತಿಗೂ ಹಸಿವು, ಕಣ್ಣೆದುರಿಗೆ ತನ್ನದೇ ಕೊಬ್ಬಿದ ಬಾಲ. ಅದನ್ನು ಹಿಡಿಯಲು ಸುತ್ತಿ ಸುತ್ತಿ, ಅಂಗಡಿ ಮುರಿದು, ಪೊಲೀಸಿನವನನ್ನು ಉರುಳಿಸಿ, ಕೊನೆಗೆ ಕಚ್ಚಿ, "ತಿಂದ್ರೆ ನೋವು, ಬಿಟ್ರೆ ಹಸಿವು, ನ್ಯಾ!" ಎಂದು ಕಿರುಚಿ ಆಕಾಶಕ್ಕೆ ಹಾರುತ್ತಿದ್ದ. ಎರಡು ವರ್ಷದ ಹಿಂದೆ ಇಸೊಬೆಯವರ ನಗೆಚಿತ್ರವನ್ನು ನಿಲ್ಲಿಸಿಬಿಡುವ ಮಾತು ನಡೆದಿತ್ತು. ಆ ವಾರ ಖಾಲಿ ಉಳಿದ ಒಂದು ಮೂಲೆಗೆ ಇವನನ್ನು ಗೀಚಿದರು, ಅಷ್ಟೇ. ಈಗ ಓದುಗ ಮಕ್ಕಳು ಕಳಿಸುವ ಮತದ ಕಾರ್ಡುಗಳಲ್ಲಿ ಅವನಿಗೆ ಎರಡನೆಯ ಸ್ಥಾನ. ಭಾನುವಾರ ಸಂಜೆ ಟಿವಿಯಲ್ಲಿಯೂ ಅವನದೇ ಗಲಾಟೆ. ನಲವತ್ತಮೂರನೆಯ ವಯಸ್ಸಿಗೆ ಇಸೊಬೆ ಮೊದಲ ಸಲ ಬಾಡಿಗೆಯ ಚಿಂತೆಯಿಲ್ಲದೆ ನಿದ್ದೆ ಮಾಡುತ್ತಿದ್ದರು. ಅದನ್ನು ಕೊಟ್ಟದ್ದು ಒಂದು ಅರ್ಧ ಮೀನು ಎಂದು ನೆನೆದಾಗ ಅವರಿಗೆ ನಗು ಬರುತ್ತಿತ್ತು, ಜೊತೆಗೆ ಪ್ರೀತಿಯೂ ಉಕ್ಕುತ್ತಿತ್ತು.

ಶಾಯಿ ಒಣಗುವ ತನಕ ಇಸೊಬೆ, ನೆಗಿಶಿ ತಂದಿದ್ದ ಓದುಗರ ಕಾಗದಗಳ ರಟ್ಟಿನ ಡಬ್ಬಿಗೆ ಕೈ ಹಾಕಿದರು. ಮೇಲೇ ಒಂದು ಜೋಡಿ ಕಾರ್ಡು ಸಿಕ್ಕಿತು. ಒಂದರಲ್ಲಿ ಕಾಗದ, ಅಂಟಿಕೊಂಡಿದ್ದ ಇನ್ನೊಂದು ಉತ್ತರಕ್ಕೆಂದು ಖಾಲಿ.

"ಇಸೊಬೆ ಮೇಷ್ಟರಿಗೆ. ನಾನು ಯೊಕೊಸುಕಾದಲ್ಲಿ ನಾಲ್ಕನೇ ತರಗತಿ ಓದುತ್ತಿದ್ದೇನೆ. ನನ್ನ ಅಪ್ಪ ಅಮೆರಿಕದ ಸಿಪಾಯಿ. ನಾನು ಅವರನ್ನು ನೋಡಿಲ್ಲ. ಕೂದಲೂ ಬಣ್ಣವೂ ಅಪ್ಪನದು, ಮೂಗು ಮಾತ್ರ ಅಮ್ಮನದು. ತರಗತಿಯಲ್ಲಿ ನನ್ನನ್ನು ನ್ಯಾವಾಶಿ ಅನ್ನುತ್ತಾರೆ. ಅದು ಅಭ್ಯಾಸವಾಗಿದೆ. ಆದರೆ ನ್ಯಾವಾಶಿಗೆ ಕೂರಲು ಬರುವುದಿಲ್ಲ, ನೀನೂ ಕೂರಬೇಡ ಅಂತ ಊಟದ ಗುಂಪಿನವರು ಹೇಳುತ್ತಾರೆ. ನಾನು ಎಲ್ಲಾ ಸಂಚಿಕೆ ನೋಡಿದೆ. ನಿಜವಾಗಿಯೂ ಅವನು ಎಲ್ಲಿಯೂ ಕೂತಿಲ್ಲ. ಆದ್ದರಿಂದ ನಿಂತುಕೊಂಡು ಊಟ ಮಾಡುತ್ತಿದ್ದೇನೆ. ಅವನು ಕೂರುವುದನ್ನು ದಯವಿಟ್ಟು ಪತ್ರಿಕೆಯಲ್ಲೇ ಬರೆಯಿರಿ. ಕಾರ್ಡಿನಲ್ಲಿ ಬರೆದರೆ ನಾನೇ ಬರೆದುಕೊಂಡೆ ಅನ್ನುತ್ತಾರೆ. ಯಾವ ಸಂಚಿಕೆ ಎಂದು ತಿಳಿಸಿ. ಶಿಗೆಮೊರಿ ರೂಮಿ."

ಇಸೊಬೆ ಮೊದಲು ನಕ್ಕರು. ನ್ಯಾವಾಶಿಗೆ ಕೂರಲು ಬರುವುದಿಲ್ಲ ಎಂಬುದು ಅವರಿಗೇ ಹೊಳೆದಿರಲಿಲ್ಲ. ನಿಂತುಕೊಂಡು ಊಟ ಎಂಬ ಸಾಲಿಗೆ ಬಂದಾಗ ನಗು ನಿಂತಿತು. ಕಾರ್ಡನ್ನು ತೊಶಿಕೊಳಿಗೆ ಕೊಟ್ಟರು. ಅವಳು ಓದಿ ನೆಗಿಶಿಗೆ ಕೊಟ್ಟಳು.

"ಅವಳ ಶಾಲೆ ಮೇಷ್ಟರಿಗೆ ಒಂದು ಕಾಗದ ಬರೀಬಹುದಲ್ಲ?" ಎಂದಳು ತೊಶಿಕೊ.

"ಬರೀಬಹುದು," ಎಂದರು ಇಸೊಬೆ. "ಅವರು ಒಂದು ಗಂಟೆ ಭಾಷಣ ಬಿಗೀತಾರೆ. ಮಾರನೇ ದಿನ ಹುಡುಗ್ರು ಇವಳನ್ನ ಶೌಚಾಲಯದ ಹಿಂದೆ ವಿಚಾರಿಸ್ಕೋತಾರೆ. ನಾನೂ ಒಂದು ಕಾಲದಲ್ಲಿ ಹಿಂದೆ ನಿಂತು ವಿಚಾರಿಸ್ಕೊಳ್ಳೋ ಗುಂಪಿನವನೇ."

ಖಾಲಿ ಕಾರ್ಡಿನ ಮೇಲೆ ಹುಡುಗಿ ತನ್ನ ವಿಳಾಸ ಬರೆದಿದ್ದಳು. ತನ್ನ ಹೆಸರಿಗೆ ತಾನೇ ಗೌರವ ಹಚ್ಚಿಕೊಳ್ಳಬಾರದೆಂದು, ಹೆಸರಿನ ಕೆಳಗೆ 'ಇವರಿಗೆ' ಎಂಬ ಒಂದು ಸಾದಾ ಅಕ್ಷರ. ಉತ್ತರಿಸುವವರು ಅದನ್ನು ಹೊಡೆದುಹಾಕಿ 'ಸಾಮಾ' ಎಂದು ಮರ್ಯಾದೆಯಿಂದ ಬರೆಯುವುದು ಪದ್ಧತಿ. ಅಭಿಮಾನಿಗಳ ಕಾಗದಕ್ಕೆ ಇಸೊಬೆ ಉತ್ತರಿಸಿದ್ದೇ ಇಲ್ಲ. ಇವತ್ತು ಕುಂಚ ತೆಗೆದುಕೊಂಡು ಆ ಅಕ್ಷರದ ಮೇಲೆ ಎರಡು ಗೆರೆ ಎಳೆದರು. ಪಕ್ಕದಲ್ಲಿ 'ಸಾಮಾ' ಎಂದು ನಿಧಾನವಾಗಿ ಬರೆದರು. ಗೆರೆ ಎಳೆದಮೇಲೆ ಉತ್ತರ ಕಳಿಸದೆ ಬೇರೆ ದಾರಿಯಿರಲಿಲ್ಲ.

ಆಮೇಲೆ ಹಾಳೆ ತೆಗೆದು ನ್ಯಾವಾಶಿಯನ್ನು ಕೂರಿಸಹೋದರು. ಎರಡು ವರ್ಷ ಅವನನ್ನು ಸಾವಿರಾರು ಸಲ ಬರೆದ ಕೈ ಅದು. ನೆಟ್ಟಗೆ ಕೂರಿಸಿದರೆ ಹೂದಾನಿಯಲ್ಲಿ ಸಿಕ್ಕಿಸಿದ ಹಾಗೆ ಕಂಡ. ಬಾಲ ಮುಂದಕ್ಕೆ ಚಾಚಿದರೆ ಮೀನು ಮಾರುವವನ ಹಲಗೆಯ ಮೇಲೆ ಬಿದ್ದಂತಿದ್ದ. ಗೋಡೆಗೆ ಒರಗಿಸಿದರೆ ಸತ್ತವನ ಹಾಗೆ. ಎಂಟು ಹಾಳೆ ಮುದುರಿ ಎಸೆದರು. ಇವನನ್ನು ಹುಟ್ಟಿಸಿದವನು ನಾನು, ಒಂದು ಸಲ ಕೂರುವುದಕ್ಕೂ ಬಿಡಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಮೂರೂವರೆಗೆ ಕೊನೆಯ ಪುಟ ಮುಂದಿಟ್ಟುಕೊಂಡರು. ಕೊನೆಯ ಚೌಕದಲ್ಲಿ ನ್ಯಾವಾಶಿ ಸ್ನಾನದ ಮನೆಯ ಹೊಗೆಗೂಡಿನಿಂದ ಹಾರುತ್ತಿದ್ದ. ಅದರ ಮೇಲೆ ಒಂದು ಬಿಳಿ ಕಾಗದ ಅಂಟಿಸಿದರು.

ನೆಗಿಶಿ ಎದ್ದು ಬಂದ. "ಏನ್ ಮಾಡ್ತಿದೀರಿ?"

"ಕೂರಿಸ್ತಿದೀನಿ."

"ಮೇಷ್ಟ್ರೇ, ನನಗೂ ಮಕ್ಕಳಿದಾರೆ, ಆ ಕಾಗದ ಓದಿ ನನ್ ಹೊಟ್ಟೇನೂ ಉರೀತು. ಆದ್ರೆ ಕೊನೇ ಚೌಕದಲ್ಲಿ ನಗು ಇಲ್ದೆ ಹೋದ್ರೆ ಹುಡುಗ್ರು ಮತ ಹಾಕಲ್ಲ. ಇವನು ಓಡೋದಕ್ಕೇ ನಗ್ತಾರೆ. ಕೂತ್ಕೊಂಡ್ರೆ ಇವನೊಂದು ಪಾಪದ ಪ್ರಾಣಿ."

"ಗೊತ್ತು."

"ಎಂಟನೇ ಸ್ಥಾನಕ್ಕಿಂತ ಕೆಳಗೆ ಹೋದ್ರೆ ಮೇಲಿನವ್ರು ನನ್ ಮಾತು ಕೇಳಲ್ಲ, ನಿಲ್ಲಿಸಿಬಿಡ್ತಾರೆ."

"ಅದೂ ಗೊತ್ತು ಕಣಯ್ಯಾ. ಹದಿನಾಲ್ಕು ವರ್ಷ ಕೆಳಗೇ ಇದ್ದವನು ನಾನು. ಭಯ ಆಗ್ತಿದೆ, ಮಾತಾಡಿಸ್ಬೇಡ."

ಚೌಕದಲ್ಲಿ ಒಂದು ಗುಂಡು ಊಟದ ಮೇಜು ಬರೆದರು. ಸುತ್ತ ಪೊಲೀಸಿನವನು, ಅಂಗಡಿಯವನು, ಬೀದಿ ಬೆಕ್ಕುಗಳು. ನಡುವೆ ನ್ಯಾವಾಶಿ, ಕೈಯಲ್ಲಿ ಅನ್ನದ ಬಟ್ಟಲು. ಬಲಗಡೆ ಮಾತಿನ ಗುಳ್ಳೆಗೆ ಜಾಗ ಬೇಕಿತ್ತು. ಹಾಗಾಗಿ ಬಾಲವನ್ನು ಮಡಚಿ ಎಡಕ್ಕೆ ಸೇರಿಸಿದರು. ಗುಳ್ಳೆಯೊಳಗೆ "ಇನ್ನೊಂದು ಬಟ್ಟಲು" ಎಂದಷ್ಟೇ ಬರೆದರು. ನೆಗಿಶಿ ಪುಟ ನೋಡಿದ, ಗಡಿಯಾರ ನೋಡಿದ. "ಹೋದ್ರೆ ಇಬ್ರೂ ಹೋಗ್ತೀವಿ ಬಿಡಿ," ಎಂದು ಲಕೋಟೆಗೆ ಸೇರಿಸಿ ಮೆಟ್ಟಿಲಿಳಿದ. ಇಸೊಬೆ ಕಾರ್ಡಿನಲ್ಲಿ ಸಂಚಿಕೆಯ ಸಂಖ್ಯೆ ಬರೆದು, ತಾವೇ ಹೋಗಿ ಅಂಚೆಡಬ್ಬಿಗೆ ಹಾಕಿ ಬಂದರು.

ಸಂಚಿಕೆ ಬಂತು. ನ್ಯಾವಾಶಿ ಎರಡರಿಂದ ಏಳಕ್ಕೆ ಇಳಿದ. "ಒಂದು ಮೆಟ್ಟಿಲು ಉಳಿದಿದೆ," ಎಂದ ನೆಗಿಶಿ ಫೋನಿನಲ್ಲಿ. ಮುಂದಿನ ಎರಡು ವಾರ ಇಸೊಬೆ ಅವನನ್ನು ಹುಚ್ಚೆದ್ದು ಓಡಿಸಿದರು, ರೈಲಿನ ಕೆಳಗೆ, ಮದುವೆ ದಿಬ್ಬಣದ ನಡುವೆ. ನಾಲ್ಕಕ್ಕೆ ಏರಿದ. ಒಂದು ಒಳ್ಳೆಯ ಕೆಲಸ ಮಾಡಿ ಬಚಾವಾದೆ ಎಂಬ ನೆಮ್ಮದಿ ಅವರ ಮೈಗೆ ಹಿತವಾಗಿ ಹತ್ತಿತ್ತು.

ಮೂರನೆಯ ಗುರುವಾರ ನೆಗಿಶಿ ಡಬ್ಬಿ ತೆರೆಯುವ ಮೊದಲೇ ಜೇಬಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಈ ಸಲ ಉತ್ತರ ಕೇಳದ ಒಂಟಿ ಕಾರ್ಡು.

"ಇಸೊಬೆ ಮೇಷ್ಟರಿಗೆ. ತುಂಬಾ ಧನ್ಯವಾದ. ಪತ್ರಿಕೆಯನ್ನು ಎಲ್ಲರಿಗೂ ತೋರಿಸಿದೆ. ಈಗ ಕೂತು ಊಟ ಮಾಡುತ್ತಿದ್ದೇನೆ. ಆದರೆ ಚಿತ್ರದಲ್ಲಿ ಇರುವ ಹಾಗೇ ಕೂರಬೇಕು ಅಂತ ಗುಂಪಿನವರು ನಿಯಮ ಮಾಡಿದ್ದಾರೆ. ಎರಡೂ ಕಾಲು ಮಡಚಿ ಎಡಕ್ಕೆ, ಕುರ್ಚಿಯ ಮೇಲೆ. ಹಾಲು ಕುಡಿಯುವ ಹೊತ್ತಿಗೆ ಕಾಲು ಜೋಮು ಹಿಡಿದಿರುತ್ತದೆ. ಒಂದು ದಿನ ಏಳುವಾಗ ಬಿದ್ದೆ. ಆದರೂ ನಿಲ್ಲುವುದಕ್ಕಿಂತ ವಾಸಿ. ಮುಂದೆ ಎಂದಾದರೂ ಅವನನ್ನು ಕೂರಿಸಿದರೆ, ಸ್ವಲ್ಪ ಆರಾಮಾಗಿ ಕೂರಿಸಿ."

ಇಸೊಬೆ ಎರಡು ಸಲ ಓದಿದರು. ಎಡಕ್ಕೆ ಯಾಕೆ ಮಡಚಿದೆ ಎಂದು ಅವರಿಗೆ ಚೆನ್ನಾಗಿ ನೆನಪಿತ್ತು. ಬಲಗಡೆ ಗುಳ್ಳೆಗೆ ಜಾಗ ಬೇಕಿತ್ತು, ಅಷ್ಟೇ.

"ನಾಲ್ಕು ಗಂಟೆಗೆ ಪುಟ ಬೇಕು," ಎಂದ ನೆಗಿಶಿ, ಮೆಲ್ಲಗೆ.

ಇಸೊಬೆ ಕಾರ್ಡನ್ನು ಮೇಜಿನ ಮೇಲಿಟ್ಟರು. ಎದ್ದು ತೊಶಿಕೊಳ ಹತ್ತಿರ ಹೋದರು. "ಏಳಮ್ಮಾ, ನಿನ್ ಕುರ್ಚಿ ಕೊಡು."

ಕುರ್ಚಿಯನ್ನು ಕೋಣೆಯ ನಡುವೆ ಎಳೆದು ಅದರ ಮೇಲೆ ಹತ್ತಿದರು. ಹೊಟ್ಟೆ ಅಡ್ಡ ಬಂತು. ಎರಡೂ ಕೈಯಿಂದ ಕಾಲುಗಳನ್ನು ಎತ್ತಿ ಒಂದರ ಮೇಲೊಂದು ಎಡಕ್ಕೆ ಮಡಚಿಕೊಂಡರು. ಕುರ್ಚಿ ಕಿರುಗುಟ್ಟಿತು. ತೊಶಿಕೊ ಒರಗು ಹಿಡಿದುಕೊಂಡಳು.

"ಶಾಲೇಲಿ ಊಟಕ್ಕೆ ಎಷ್ಟು ಹೊತ್ತು ಕೊಡ್ತಾರೆ?"

"ಇಪ್ಪತ್ತು ನಿಮಿಷ," ಎಂದ ನೆಗಿಶಿ. "ನನ್ ಮಕ್ಕಳ ಶಾಲೇಲಿ ಅಷ್ಟೇ."

"ಗಡಿಯಾರ ನೋಡ್ತಿರು."

ಆರನೆಯ ನಿಮಿಷಕ್ಕೆ ಅವರ ಹಣೆಯಲ್ಲಿ ಬೆವರು ಮೂಡಿತು. ಒಂಬತ್ತನೆಯದಕ್ಕೆ ಎಡಗಾಲು ತಮ್ಮದಲ್ಲವೆಂಬಂತೆ ಆಯಿತು. ಹದಿಮೂರಕ್ಕೆ ತೊಶಿಕೊ ಸಾಕು ಎಂದಳು. ಅವರು ತಲೆಯಾಡಿಸಿ ಬೇಡ ಎಂದರು. ಇಪ್ಪತ್ತಾದಾಗ ಇಬ್ಬರೂ ಹಿಡಿದು ಇಳಿಸಬೇಕಾಯಿತು. ನೆಲದ ಮೇಲೆ ಕೂತು ಕಾಲು ತಿಕ್ಕಿಕೊಂಡರು. ಮತ್ತೆ ಕುರ್ಚಿ ಹಿಡಿದು ಎದ್ದರು.

"ಈಗ ಬಲಕ್ಕೆ," ಎಂದರು. "ಆಮೇಲೆ ಕೆಳಗೆ ಇಳಿಬಿಟ್ಟು. ಯಾವ್ದು ಆರಾಮು ನೋಡೋಣ."

ಮೇಜಿನ ಮೇಲೆ ಎಂಟು ಹಾಳೆಗಳೂ ಬಿಳಿಯಾಗಿಯೇ ಇದ್ದವು. ನೆಗಿಶಿ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು, "ಹ್ಞೂಂ, ಶುರು," ಎಂದ.